ವೇದಿಕೆ ಹತ್ತಿದರೆ ಯಾರ ಖರ್ಚು?

ನಾನು ಕಾನೂನು ಓದಿದವನಲ್ಲ. ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ ಎಂದು ಹೇಳಿಕೊಟ್ಟೇ ಬದುಕಿದ ಕಾಮರ್ಸ್ ಮೇಷ್ಟ್ರು. ಆದರೂ ಚುನಾವಣಾ ಖರ್ಚು, ಅದರ ಮೇಲಿನ ಕೋರ್ಟು ತೀರ್ಪುಗಳು ಎಂಬ ಈ ವಿಷಯಕ್ಕೆ ನನ್ನನ್ನು ಕರೆದಿದ್ದೀರಿ. ಕಾರಣ ಚುನಾವಣಾ ಡ್ಯೂಟಿ. ಬೇರೆ ಮೇಷ್ಟ್ರುಗಳನ್ನು ಮತಗಟ್ಟೆಗೆ ಹಾಕಿದರೆ, ನಮ್ಮಂಥವರನ್ನು ಲೆಕ್ಕದ ತಂಡಕ್ಕೆ ಹಾಕುತ್ತಾರೆ. ಅಲ್ಲಿ ನನ್ನ ಕೆಲಸ ಏನು ಗೊತ್ತೇ? ಕುರ್ಚಿ ಎಣಿಸುವುದು.

ತಮಾಷೆಯಲ್ಲ, ನಿಜ. ಸಭೆ ನಡೆಯುವ ಜಾಗಕ್ಕೆ ವಿಡಿಯೊದವರು ಹೋಗಿ ಚಿತ್ರ ತೆಗೆದುಕೊಂಡು ಬರುತ್ತಾರೆ. ರಾತ್ರಿ ತಾಲ್ಲೂಕು ಕಚೇರಿಯ ಒಂದು ಕೋಣೆಯಲ್ಲಿ ಕೂತು ನಾವು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಪ್ಲಾಸ್ಟಿಕ್ ಕುರ್ಚಿ ಎಷ್ಟು, ಬಟ್ಟೆ ಹೊದಿಸಿದ್ದೆಷ್ಟು, ಶಾಮಿಯಾನ ಎಷ್ಟು ಉದ್ದ, ಮೈಕ್ ಸೆಟ್ ಎಷ್ಟು, ಟಾಟಾ ಏಸ್ ಎಷ್ಟು. ಪ್ರತಿಯೊಂದಕ್ಕೂ ಜಿಲ್ಲಾ ಚುನಾವಣಾಧಿಕಾರಿ ಒಂದು ರೇಟು ಗೊತ್ತು ಮಾಡಿರುತ್ತಾರೆ. ಕಾಫಿಗೂ ರೇಟು, ಉಪ್ಪಿಟ್ಟಿಗೂ ರೇಟು. ಎಣಿಸಿ, ಗುಣಿಸಿ, ಶ್ಯಾಡೋ ರಿಜಿಸ್ಟರ್ ಎಂಬ ಪುಸ್ತಕದಲ್ಲಿ ಬರೆಯುತ್ತೇವೆ. ಅಭ್ಯರ್ಥಿ ಕೊಡುವ ಲೆಕ್ಕ ಒಂದು ಕಡೆ, ನಮ್ಮ ಲೆಕ್ಕ ಇನ್ನೊಂದು ಕಡೆ. ಎರಡೂ ಎಂದೂ ತಾಳೆಯಾಗುವುದಿಲ್ಲ. ಅದು ಬಿಡಿ.

ಅಂಥದ್ದೊಂದು ರಾತ್ರಿ ವಿಡಿಯೊದಲ್ಲಿ ಒಂದು ವಿಚಿತ್ರ ಕಂಡಿತು. ದೊಡ್ಡ ನಾಯಕರು ಬಂದಿದ್ದಾರೆ, ಭರ್ಜರಿ ಸಭೆ, ವೇದಿಕೆ ತುಂಬ ಜನ. ಆದರೆ ಆ ಕ್ಷೇತ್ರದ ಅಭ್ಯರ್ಥಿ ಮಾತ್ರ ವೇದಿಕೆಯ ಮೇಲಿಲ್ಲ. ಕೆಳಗೆ, ಬ್ಯಾರಿಕೇಡ್ ಪಕ್ಕದಲ್ಲಿ, ಜನರ ಜೊತೆ ಕೈಮುಗಿದುಕೊಂಡು ನಿಂತಿದ್ದಾರೆ. ಬ್ಯಾನರಿನಲ್ಲೂ ಅವರ ಫೋಟೊ ಇಲ್ಲ. ನನ್ನ ಪಕ್ಕದಲ್ಲಿದ್ದ ಹೊಸ ಹುಡುಗ ಕೇಳಿದ, 'ಸಾರ್, ಪಾಪ ಇವರನ್ನ ಯಾಕೆ ಮೇಲೆ ಕರೆದಿಲ್ಲ? ಪಾರ್ಟಿಯಲ್ಲಿ ಏನಾದ್ರೂ ಜಗಳವಾ?'

ಜಗಳ ಇಲ್ಲ, ಲೆಕ್ಕ. ಅಭ್ಯರ್ಥಿ ಆ ವೇದಿಕೆ ಹತ್ತಿದರೆ, ಅಥವಾ ಅವರ ಫೋಟೊ, ಹೆಸರು ಅಲ್ಲಿ ಕಂಡರೆ, ಸಭೆಯ ಖರ್ಚು ಅವರ ಖಾತೆಗೆ ಬೀಳುತ್ತದೆ. ಇಬ್ಬರು ಅಭ್ಯರ್ಥಿಗಳಿದ್ದರೆ ಇಬ್ಬರಿಗೂ ಹಂಚಿ ಬೀಳುತ್ತದೆ. ಕೆಳಗೆ ನಿಂತರೆ ಅದು ಪಕ್ಷದ ಸಾಮಾನ್ಯ ಪ್ರಚಾರ. ಅಭ್ಯರ್ಥಿಗೆ ಮಿತಿ ಇದೆ. ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಪಕ್ಷಕ್ಕೆ ಮಿತಿ ಎಷ್ಟು? ಇಲ್ಲ. ಮಿತಿಯೇ ಇಲ್ಲ.

ಹಾಗಾಗಿ ನಾಲ್ಕು ಮೆಟ್ಟಿಲಿನ ಮೇಲೆ ನಿಲ್ಲುವುದಕ್ಕೂ ಕೆಳಗೆ ನಿಲ್ಲುವುದಕ್ಕೂ ಲಕ್ಷಗಟ್ಟಲೆ ವ್ಯತ್ಯಾಸ. ಈ ನಾಲ್ಕು ಮೆಟ್ಟಿಲು ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದೆ. ಕೋರ್ಟು ತೀರ್ಪುಗಳ ಕಡೆಗೆ ಹೋಯಿತು ದಾರಿ. ಇವತ್ತು ನಾನು ಹೇಳುವುದು ಆ ದಾರಿಯ ಕಥೆ.

ಶುರು ಎಲ್ಲಿಂದ ಎಂದರೆ 1957ರಿಂದ, ಬಾಂಬೆ ಹೈಕೋರ್ಟಿನಿಂದ. ಟಾಟಾ ಐರನ್ ಅಂಡ್ ಸ್ಟೀಲ್ ಕಂಪನಿ ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ತನ್ನ ಮೆಮೊರಾಂಡಮ್, ಅಂದರೆ ಕಂಪನಿ ಏನೇನು ಮಾಡಬಹುದು ಎಂದು ಹೇಳುವ ಮೂಲ ಪತ್ರ, ತಿದ್ದಿಕೊಳ್ಳಬೇಕಿತ್ತು. ಷೇರುದಾರರೊಬ್ಬರು ಬೇಡ ಎಂದು ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ. ಅವರು ಕಂಪನಿಗೆ ಅನುಮತಿ ಕೊಟ್ಟರು. ಅಂದಿನ ಕಾಯ್ದೆಯಲ್ಲಿ ತಡೆಯಲು ಏನೂ ಇರಲಿಲ್ಲ. ಆದರೆ ಕೊಡುವಾಗಲೇ ಎಚ್ಚರಿಸಿದರು. ಇದು ಬೆಳೆದರೆ ಪ್ರಜಾಪ್ರಭುತ್ವವನ್ನೇ ಮುಳುಗಿಸಬಹುದು, ಸಂಸತ್ತು ಗಮನಿಸಲಿ ಎಂಬ ಅರ್ಥದ ಮಾತು ಬರೆದರು. ಗಣರಾಜ್ಯಕ್ಕೆ ಆಗ ಏಳೇ ವರ್ಷ, ನೆನಪಿಟ್ಟುಕೊಳ್ಳಿ.

ಸಂಸತ್ತು ಗಮನಿಸಿತು. 1960ರಲ್ಲಿ ಕಂಪನಿ ದೇಣಿಗೆಗೆ ಮಿತಿ ಬಂತು. 1969ರಲ್ಲಿ ಪೂರ್ತಿ ನಿಷೇಧವೇ ಬಂತು. ಒಳ್ಳೆಯದಾಯಿತಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ನಿಷೇಧ ಬಂದಾಗ ಅದರ ಬದಲಿಗೆ ಬೇರೆ ದಾರಿ ಮಾಡಿಕೊಡಲಿಲ್ಲ. ಸರ್ಕಾರಿ ಹಣ ಇಲ್ಲ, ಸಣ್ಣ ದೇಣಿಗೆ ಎತ್ತುವ ರೂಢಿ ಇಲ್ಲ. ಹಣ ಮಾತ್ರ ಬೇಕೇ ಬೇಕು. ಚೆಕ್ಕಿನಲ್ಲಿ ಬರುತ್ತಿದ್ದದ್ದು ಸೂಟ್‌ಕೇಸಿನಲ್ಲಿ ಬರತೊಡಗಿತು. 1985ರಲ್ಲಿ ನಿಷೇಧ ತೆಗೆದರು. ಅಷ್ಟರಲ್ಲಿ ಹದಿನಾರು ವರ್ಷದ ಅಭ್ಯಾಸ ಆಗಿಹೋಗಿತ್ತು.

ಈಗ ನಿಜವಾದ ತಿರುವಿಗೆ ಬರೋಣ. 1971ರ ಲೋಕಸಭಾ ಚುನಾವಣೆ, ದೆಹಲಿ ಸದರ್ ಕ್ಷೇತ್ರ. ಗೆದ್ದವರು ಕಾಂಗ್ರೆಸ್ಸಿನ ಅಮರನಾಥ ಚಾವ್ಲಾ. ಸೋತವರು ಜನಸಂಘದ ಕನ್ವರ್‌ಲಾಲ್ ಗುಪ್ತಾ. ಗುಪ್ತಾ ಆ ಆಯ್ಕೆಯನ್ನೇ ಪ್ರಶ್ನಿಸಿ ಕೋರ್ಟಿಗೆ ತಕರಾರು ಅರ್ಜಿ ಹಾಕಿದರು. ಇವರು ಮಿತಿಗಿಂತ ಜಾಸ್ತಿ ಖರ್ಚು ಮಾಡಿದ್ದಾರೆ, ಸಭೆಗಳ ಖರ್ಚನ್ನು ತೋರಿಸಿಲ್ಲ ಎಂದರು. ಚಾವ್ಲಾ ಕಡೆಯ ಉತ್ತರ ಸರಳ. ಸಭೆ ಮಾಡಿದ್ದು ಪಕ್ಷ, ನಾನಲ್ಲ.

1974ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಪಿ. ಎನ್. ಭಗವತಿ. ಅವರ ತರ್ಕವನ್ನು ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ. ನಿನಗೋಸ್ಕರ ನಿನ್ನ ಕ್ಷೇತ್ರದಲ್ಲಿ ಪಕ್ಷ ಖರ್ಚು ಮಾಡುತ್ತಿದೆ. ನಿನಗೆ ಗೊತ್ತು. ಬೇಡ ಎಂದು ನೀನು ಹೇಳಲಿಲ್ಲ. ಅದರ ಲಾಭ ತಗೊಂಡೆ. ಹಾಗಾದರೆ ಅದಕ್ಕೆ ನಿನ್ನ ಒಪ್ಪಿಗೆ ಇದೆ ಎಂದೇ ಲೆಕ್ಕ, ಅದು ನಿನ್ನ ಖರ್ಚು. ಪಕ್ಷ ಇಡೀ ದೇಶಕ್ಕೆ ಮಾಡುವ ಸಾಮಾನ್ಯ ಪ್ರಚಾರ ಬೇರೆ, ಅದನ್ನು ಹಿಡಿಯುವುದಿಲ್ಲ. ಆದರೆ ಒಬ್ಬ ಅಭ್ಯರ್ಥಿಗೆಂದೇ ಮಾಡಿದ್ದನ್ನು ಪಕ್ಷದ ಹೆಸರಿನಲ್ಲಿ ಬಚ್ಚಿಟ್ಟರೆ ಮಿತಿಗೆ ಅರ್ಥವೇ ಇಲ್ಲ. ದುಡ್ಡಿಲ್ಲದವನಿಗೂ ಸ್ಪರ್ಧಿಸಲು ಅವಕಾಶ ಇರಲಿ ಎಂದು ತಾನೇ ಮಿತಿ ಇಟ್ಟದ್ದು?

ಚಾವ್ಲಾ ಆಯ್ಕೆ ರದ್ದಾಯಿತು. ದೆಹಲಿಯಲ್ಲಿ ನಡುಕ ಹುಟ್ಟಿತು. ಈ ತಕ್ಕಡಿಯಲ್ಲಿ ತೂಗಿದರೆ ಯಾರ ಸೀಟು ಉಳಿಯುತ್ತದೆ? ದೇಶದ ಹೈಕೋರ್ಟುಗಳಲ್ಲಿ ಎಷ್ಟೋ ತಕರಾರು ಅರ್ಜಿಗಳು ಬಾಕಿ ಇದ್ದವು.

ಸರ್ಕಾರಕ್ಕೆ ಹದಿನಾರು ದಿನ ಸಾಕಾಯಿತು. ಅಕ್ಟೋಬರ್ 19ಕ್ಕೆ ಸುಗ್ರೀವಾಜ್ಞೆ. ಜನಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ನಿಗೆ ಒಂದು ವಿವರಣೆ ಸೇರಿಸಿದರು. ಪಕ್ಷವಾಗಲಿ, ಸಂಘವಾಗಲಿ, ಬೇರೆ ಯಾವುದೇ ವ್ಯಕ್ತಿಯಾಗಲಿ ಮಾಡಿದ ಖರ್ಚು ಅಭ್ಯರ್ಥಿಯ ಖರ್ಚಲ್ಲ. ಡಿಸೆಂಬರಿನೊಳಗೆ ಅದು ಕಾಯ್ದೆಯೂ ಆಯಿತು. ನಾನು ಪಾಠ ಮಾಡುವಾಗ ಹುಡುಗರಿಗೆ ಹೇಳುತ್ತಿದ್ದೆ, ಸಾಲ ತೀರಿಸಲು ಎರಡು ದಾರಿ. ಒಂದು, ದುಡ್ಡು ಕೊಡುವುದು. ಇನ್ನೊಂದು, ಪುಸ್ತಕದಲ್ಲಿ ಆ ಕಾಲಂ ಹರಿದುಹಾಕುವುದು. ಇಲ್ಲಿ ಆದದ್ದು ಎರಡನೆಯದು.

ಆ 'ಬೇರೆ ಯಾವುದೇ ವ್ಯಕ್ತಿ' ಎಂಬ ಪದ ನೋಡಿ. ಪಕ್ಷ ಮಾತ್ರ ಅಲ್ಲ. ಭಾವಮೈದ, ಗುತ್ತಿಗೆದಾರ, ಅಭಿಮಾನಿ ಸಂಘ, ಯಾರು ಬೇಕಾದರೂ ಎಷ್ಟು ಬೇಕಾದರೂ ಸುರಿಯಬಹುದು. ಅಭ್ಯರ್ಥಿ ತನ್ನ ಮಿತಿಯೊಳಗೆ ಪುಸ್ತಕ ಮುಚ್ಚಿ ಕೈ ತೊಳೆದುಕೊಳ್ಳಬಹುದು. ಇದು 29 ವರ್ಷ ಹಾಗೇ ಇತ್ತು.

ಮಧ್ಯೆ ಕೋರ್ಟು ಸುಮ್ನೆ ಕೂತಿತ್ತೇ? ಕೇರಳದ ಡಾ. ನಲ್ಲತಂಪಿ ತೇರಾ ಎಂಬವರು ಈ ವಿವರಣೆಯೇ ಸಂವಿಧಾನಕ್ಕೆ ವಿರುದ್ಧ ಎಂದು ಹೋದರು. 1985ರಲ್ಲಿ ಸಂವಿಧಾನ ಪೀಠ ಅವರ ಅರ್ಜಿ ವಜಾ ಮಾಡಿತು. ನೀವು ಹೇಳುವುದರಲ್ಲಿ ಹುರುಳಿದೆ, ಆದರೆ ತಿದ್ದಬೇಕಾದದ್ದು ಸಂಸತ್ತು ಎಂಬ ಧಾಟಿ. ಆ ತೀರ್ಪು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರದ್ದು. ಈ ಹೆಸರು ನೆನಪಿಟ್ಟುಕೊಳ್ಳಿ. ಮನೆಯ ಮುಂದಿನ ತಲೆಮಾರು ಕಥೆಯ ಕೊನೆಗೆ ಬರುತ್ತದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಇದೇ ಪ್ರಶ್ನೆಗೆ ಬೇರೆ ದೇಶದವರು ಏನು ಮಾಡಿದರು ಎಂಬ ಕುತೂಹಲ ನನಗೆ. ನಮ್ಮ ಸುಗ್ರೀವಾಜ್ಞೆ ಬಂದು ಒಂದೂಕಾಲು ವರ್ಷಕ್ಕೆ, 1976ರ ಜನವರಿಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಬಕ್ಲಿ ವರ್ಸಸ್ ವಲೇಯೊ ಎಂಬ ತೀರ್ಪು ಕೊಟ್ಟಿತು. ಪ್ರಚಾರಕ್ಕೆ ಹಣ ಖರ್ಚು ಮಾಡುವುದು ಮಾತಾಡುವ ಸ್ವಾತಂತ್ರ್ಯದ ಭಾಗ, ಹಾಗಾಗಿ ಖರ್ಚಿಗೆ ಮಿತಿ ಹಾಕುವಂತಿಲ್ಲ ಎಂದಿತು. ಆದರೆ ಒಬ್ಬರು ಅಭ್ಯರ್ಥಿಗೆ ಕೊಡುವ ದೇಣಿಗೆಗೆ ಮಿತಿ ಇರಬಹುದು, ಹೆಸರು ಬಹಿರಂಗ ಮಾಡಿಸಬಹುದು ಎಂದಿತು. 2010ರಲ್ಲಿ ಸಿಟಿಜನ್ಸ್ ಯುನೈಟೆಡ್ ಕೇಸಿನಲ್ಲಿ, ಐದಕ್ಕೆ ನಾಲ್ಕು ಮತದಿಂದ, ಕಂಪನಿಗಳೂ ಅಭ್ಯರ್ಥಿಯ ಜೊತೆ ಸೇರದೆ ತಾವೇ ಎಷ್ಟಾದರೂ ಖರ್ಚು ಮಾಡಬಹುದು ಎಂದಿತು. ನಾವು ಸುಗ್ರೀವಾಜ್ಞೆಯಿಂದ ತೆರೆದ ಬಾಗಿಲನ್ನು ಅವರು ಸಂವಿಧಾನದ ಹೆಸರಿನಲ್ಲಿ ತೆರೆದರು.

ನಿಮ್ಮಲ್ಲಿ ಕೆಲವರ ಮಕ್ಕಳು ಅಲ್ಲಿದ್ದಾರೆ. ಅಲ್ಲಿನ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಮಗ ಒಬ್ಬ ಸೆನೆಟ್ ಅಭ್ಯರ್ಥಿಗೆ ಕೊಟ್ಟದ್ದು 200 ಡಾಲರ್ ದಾಟಿದರೆ, ಅವನ ಹೆಸರು, ಎಲ್ಲಿ ಕೆಲಸ, ಏನು ಕೆಲಸ ಎಲ್ಲವೂ ಸರ್ಕಾರದ ವೆಬ್‌ಸೈಟಿನಲ್ಲಿ ಬರುತ್ತದೆ. ನೀವು ಇಲ್ಲಿ ಕೂತು ನೋಡಬಹುದು. ಅದೇ ದೊಡ್ಡ ಶ್ರೀಮಂತ ಒಂದು ಸಂಘದ ಮೂಲಕ ಕೋಟಿ ಸುರಿದರೆ ಹೆಸರು ಕಾಣದೇ ಹೋಗಬಹುದು. ಅಲ್ಲೂ ಹೀಗೇ, ಸಣ್ಣವನ ಲೆಕ್ಕ ಚೊಕ್ಕ.

ಬ್ರಿಟನ್ನಿನದ್ದು ಇನ್ನೊಂದು ತಮಾಷೆ. ಅಲ್ಲಿ ಅಭ್ಯರ್ಥಿಯಲ್ಲದವರು ಒಂದು ಕ್ಷೇತ್ರದಲ್ಲಿ ಅಭ್ಯರ್ಥಿಯ ಪರ, ವಿರುದ್ಧ ಆಗ ಖರ್ಚು ಮಾಡಬಹುದಾಗಿದ್ದದ್ದು ಬರೀ 5 ಪೌಂಡ್. ಬೌಮನ್ ಎಂಬ ಮಹಿಳೆ 1992ರಲ್ಲಿ ಗರ್ಭಪಾತದ ಬಗ್ಗೆ ಅಭ್ಯರ್ಥಿಗಳ ನಿಲುವು ಹೇಳುವ ಕರಪತ್ರ ಹಂಚಿದರು. ಕೇಸು ಬಿತ್ತು. 1998ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು ಇದು ಅತಿಯಾಯಿತು ಎಂದಿತು. ಆಮೇಲೆ ಆ ಮಿತಿ 500 ಪೌಂಡ್ ಆಯಿತು. ಐದನ್ನು ಐನೂರು ಮಾಡಿದರು ನೋಡಿ, ಬಾಗಿಲನ್ನೇ ಕಿತ್ತುಹಾಕಲಿಲ್ಲ.

ಸರಿ, ಊರಿಗೆ ವಾಪಸ್ ಬರೋಣ. ನಿಜವಾಗಿಯೂ ನಮ್ಮ ಊರಿಗೆ. ಮಂಡ್ಯ ಜಿಲ್ಲೆಯ ನಾಗಮಂಗಲ. 1994ರ ವಿಧಾನಸಭಾ ಚುನಾವಣೆಯಲ್ಲಿ ಗೆದ್ದ ಎಲ್. ಆರ್. ಶಿವರಾಮೇಗೌಡರ ವಿರುದ್ಧ ತಕರಾರು ಅರ್ಜಿ ಬಿತ್ತು. ಖರ್ಚಿನ ಲೆಕ್ಕ ಸರಿಯಾಗಿ ಇಟ್ಟಿಲ್ಲ ಎಂಬುದು ಅದರಲ್ಲೊಂದು ದೂರು. ಹೈಕೋರ್ಟಿನಲ್ಲಿ ಅವರಿಗೆ ಸೋಲು, ಸುಪ್ರೀಂ ಕೋರ್ಟಿನಲ್ಲಿ ಗೆಲುವು. ಗೆಲುವಿಗೆ ಕಾರಣ ಒಂದು ಸೂಕ್ಷ್ಮ. ಮಿತಿ ಮೀರಿ ಖರ್ಚು ಮಾಡಿದರೆ ಅದು ಭ್ರಷ್ಟ ಆಚರಣೆ, ಆಯ್ಕೆ ರದ್ದಾಗುತ್ತದೆ. ಆದರೆ ಲೆಕ್ಕ ತಪ್ಪು ಬರೆದರೆ ಅಷ್ಟಕ್ಕೇ ಭ್ರಷ್ಟ ಆಚರಣೆ ಆಗುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್.

ನನ್ನಂಥ ಲೆಕ್ಕದ ಮೇಷ್ಟ್ರಿಗೆ ಇದು ಹೊಟ್ಟೆ ಉರಿಯುವ ಮಾತು. ಮಿತಿ ಮೀರಿದ್ದು ಗೊತ್ತಾಗುವುದೇ ಸರಿಯಾದ ಲೆಕ್ಕದಿಂದ. ತಪ್ಪು ಲೆಕ್ಕಕ್ಕೆ ಶಿಕ್ಷೆ ಇಲ್ಲದಿದ್ದರೆ ಮಿತಿ ಮೀರಿದವನು ಸಿಕ್ಕುವುದು ಹೇಗೆ? ಆದರೆ ಅದೇ ತೀರ್ಪಿನಲ್ಲಿ ಒಂದು ಸಣ್ಣ ಕಿಟಕಿ ಇತ್ತು. ಲೆಕ್ಕ ನಿಜವೋ ಸುಳ್ಳೋ ಎಂದು ಚುನಾವಣಾ ಆಯೋಗ ಜನಪ್ರತಿನಿಧಿ ಕಾಯ್ದೆಯ 10ಎ ಸೆಕ್ಷನ್ನಿನಲ್ಲಿ ವಿಚಾರಿಸಬಹುದು, ಸರಿ ಇಲ್ಲದಿದ್ದರೆ ಮೂರು ವರ್ಷ ಅನರ್ಹ ಮಾಡಬಹುದು ಎಂದು ಕೋರ್ಟು ಹೇಳಿತ್ತು. ಆ ಕಿಟಕಿ ಹದಿನೈದು ವರ್ಷದ ಮೇಲೆ ಮಹಾರಾಷ್ಟ್ರದಲ್ಲಿ ಉಪಯೋಗಕ್ಕೆ ಬಂತು.

2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆ. ಮುಖ್ಯಮಂತ್ರಿಯಾಗಿದ್ದ ಅಶೋಕ್ ಚವಾಣ್ ಬಗ್ಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಹೊಗಳಿಕೆ ಬಂತು. ಅವರ ಲೆಕ್ಕದಲ್ಲಿ ಪತ್ರಿಕಾ ಜಾಹೀರಾತಿಗೆ ತೋರಿಸಿದ್ದು ಐದು ಸಾವಿರ ಚಿಲ್ಲರೆ ರೂಪಾಯಿ. ಇದು ಕಾಸಿಗಾಗಿ ಸುದ್ದಿ, ಲೆಕ್ಕಕ್ಕೆ ಬರಬೇಕು ಎಂದು ದೂರು ಹೋಯಿತು. ಆಯೋಗಕ್ಕೆ ಲೆಕ್ಕದ ಒಳಗೆ ಇಣುಕುವ ಅಧಿಕಾರವೇ ಇಲ್ಲ, ಹೊತ್ತಿಗೆ ಸರಿಯಾಗಿ ಕೊಟ್ಟಿದ್ದಾರಾ ಎಂದಷ್ಟೇ ನೋಡಬೇಕು ಎಂದು ಅವರ ಕಡೆಯ ವಾದ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಾದ ತಳ್ಳಿಹಾಕಿತು. ನಾಗಮಂಗಲದ ತೀರ್ಪಿನ ಆ ಮಾತನ್ನೇ ಹಿಡಿದು, ಆಯೋಗ ಲೆಕ್ಕದ ನಿಜ ಸುಳ್ಳು ನೋಡಬಹುದು ಎಂದಿತು. ಆಯೋಗ ನೋಡಿತು, ಲೆಕ್ಕ ಸರಿಯಿಲ್ಲ ಎಂದಿತು. ಅದೇ ವರ್ಷ ದೆಹಲಿ ಹೈಕೋರ್ಟು ಆಯೋಗದ ಆದೇಶ ರದ್ದು ಮಾಡಿತು, ಚವಾಣ್ ಪಾರಾದರು. ಫಲಿತಾಂಶ ಏನೇ ಇರಲಿ, ಅಧಿಕಾರವಂತೂ ಉಳಿಯಿತು. ಇವತ್ತು ಲೆಕ್ಕದ ತಂಡದವರು ವಿಡಿಯೊದಲ್ಲಿ ಎಣಿಸಿದ ಕುರ್ಚಿಗೆ ಒಂದು ಬೆಲೆ ಇದ್ದರೆ ಅದಕ್ಕೆ ನಾಗಮಂಗಲದ ಋಣವೂ ಇದೆ.

77ನೇ ಸೆಕ್ಷನ್ನಿಗೆ 1974ರಲ್ಲಿ ಸೇರಿಸಿದ ಆ ವಿವರಣೆಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. 1996ರಲ್ಲಿ ಕಾಮನ್ ಕಾಸ್ ಸಂಸ್ಥೆಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಜಾಣತನ ಮಾಡಿತು. ವಿವರಣೆಯನ್ನು ರದ್ದು ಮಾಡಲಿಲ್ಲ. ಬದಲಿಗೆ ಕೇಳಿತು, ಪಕ್ಷ ಖರ್ಚು ಮಾಡಿತು ಅನ್ನುತ್ತೀರಲ್ಲ, ಪಕ್ಷದ ಲೆಕ್ಕ ಎಲ್ಲಿ? ಪಕ್ಷಗಳಿಗೆ ಆದಾಯ ತೆರಿಗೆ ವಿನಾಯಿತಿ ಇತ್ತು. ಆದರೆ ಲೆಕ್ಕ ಇಟ್ಟು, ಆಡಿಟ್ ಮಾಡಿಸಿ, ರಿಟರ್ನ್ ಹಾಕಬೇಕಿತ್ತು. ವರ್ಷಗಟ್ಟಲೆ ಹಾಕಿರಲೇ ಇಲ್ಲ. ಆಡಿಟ್ ಆದ ಲೆಕ್ಕದಲ್ಲಿ ಇರುವ ಪಕ್ಷದ ಖರ್ಚಿಗೆ ಮಾತ್ರ ವಿವರಣೆಯ ರಕ್ಷಣೆ, ಇಲ್ಲದಿದ್ದರೆ ಅಭ್ಯರ್ಥಿಯ ತಲೆಗೆ ಎಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಬರೆದರು. ಹೇಗಿದೆ ನೋಡಿ. ಖರ್ಚು ಮಾಡಬೇಡ ಅನ್ನಲಿಲ್ಲ. ಬರೆದು ತೋರಿಸು ಅಂದರು.

ನನಗೆ ಈ ಇಡೀ ಇತಿಹಾಸದಲ್ಲಿ ಕಾಣುವ ಗುಟ್ಟು ಇದೇ. ಕೋರ್ಟು 'ಎಷ್ಟು' ಎಂದು ಕೇಳಿದಾಗಲೆಲ್ಲ ಸೋತಿದೆ. 'ಯಾರು' ಎಂದು ಕೇಳಿದಾಗ ಸ್ವಲ್ಪವಾದರೂ ಗೆದ್ದಿದೆ. ಮೊತ್ತಕ್ಕೆ ಮಿತಿ ಹಾಕಿದರೆ ಹಣ ಬೇರೆಯವರ ಖಾತೆಗೆ ಹೋಗಿ ಕೂರುತ್ತದೆ. ಹೆಸರು ಕೇಳಿದರೆ ಕೂರಲು ಜಾಗ ಹುಡುಕಬೇಕಾಗುತ್ತದೆ.

2002ರಲ್ಲಿ ಅದೇ ಆಯಿತು. ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಎಂಬ ಸಂಸ್ಥೆಯ ಕೇಸಿನಲ್ಲಿ, ಅಭ್ಯರ್ಥಿಯ ಆಸ್ತಿ, ಸಾಲ, ಕ್ರಿಮಿನಲ್ ಕೇಸು ತಿಳಿದುಕೊಳ್ಳುವುದು ಮತದಾರನ ಹಕ್ಕು ಎಂದಿತು ಕೋರ್ಟು. ಮತ್ತೆ ಸುಗ್ರೀವಾಜ್ಞೆ, ಮತ್ತೆ ತಿದ್ದುಪಡಿ, ಅಷ್ಟೆಲ್ಲ ಹೇಳಬೇಕಾಗಿಲ್ಲ ಎಂದು. ಆದರೆ ಈ ಸಲ 2003ರ ಮಾರ್ಚಿನಲ್ಲಿ ಕೋರ್ಟು ಆ ತಿದ್ದುಪಡಿಯನ್ನೇ ಹೊಡೆದುಹಾಕಿತು. ನೀವೀಗ ಪತ್ರಿಕೆಯಲ್ಲಿ ಓದುವ 'ಅಭ್ಯರ್ಥಿಯ ಆಸ್ತಿ ಐದು ವರ್ಷದಲ್ಲಿ ಇಷ್ಟು ಪಟ್ಟು' ಎಂಬ ಸುದ್ದಿ ಹುಟ್ಟಿದ್ದು ಅಲ್ಲಿ.

ಅದೇ 2003ರಲ್ಲಿ 1974ರ ವಿವರಣೆಯೂ ಹೋಯಿತು. ಪೂರ್ತಿ ಅಲ್ಲ. 'ಬೇರೆ ಯಾವುದೇ ವ್ಯಕ್ತಿ' ಹೋದ. ಉಳಿದದ್ದು ತಾರಾ ಪ್ರಚಾರಕರ, ಅಂದರೆ ಪಕ್ಷ ಪಟ್ಟಿ ಮಾಡಿ ಕೊಟ್ಟ ದೊಡ್ಡ ನಾಯಕರ, ಓಡಾಟದ ಖರ್ಚು. ಮಾನ್ಯತೆ ಪಡೆದ ಪಕ್ಷಕ್ಕೆ 40 ಜನ, ಇಲ್ಲದ ಪಕ್ಷಕ್ಕೆ 20 ಜನ. ಅವರ ಹೆಲಿಕಾಪ್ಟರ್ ಅಭ್ಯರ್ಥಿಯ ಲೆಕ್ಕಕ್ಕಿಲ್ಲ. ಆದರೆ ಸಭೆಗೆ ಅಭ್ಯರ್ಥಿ ಬಂದು ಪಕ್ಕದಲ್ಲಿ ನಿಂತರೆ? ಬಂತು ನೋಡಿ ನಮ್ಮ ನಾಲ್ಕು ಮೆಟ್ಟಿಲು. ಅದೇ ವರ್ಷ, 20 ಸಾವಿರ ದಾಟಿದ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷ ಆಯೋಗಕ್ಕೆ ಕೊಡಬೇಕು ಎಂಬ ನಿಯಮವೂ ಬಂತು. ಆಮೇಲೆ ಏನಾಯಿತು ಎಂದು ನೀವೇ ಊಹಿಸಬಲ್ಲಿರಿ. 20 ಸಾವಿರಕ್ಕಿಂತ ಕೆಳಗಿನ ದೇಣಿಗೆಗಳು ಇದ್ದಕ್ಕಿದ್ದಂತೆ ಬಹಳ ಜನಪ್ರಿಯವಾದವು.

ಈ ಹಗ್ಗಜಗ್ಗಾಟದಲ್ಲಿ ನನಗೆ ತೀರಾ ಸೋಜಿಗ ಅನ್ನಿಸಿದ್ದು ಇನ್ನೊಂದು ಕೇಸು. 2014ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಕಾಂಗ್ರೆಸ್, ಬಿಜೆಪಿ ಎರಡೂ ಲಂಡನ್ ಮೂಲದ ವೇದಾಂತ ಗುಂಪಿನ ಕಂಪನಿಗಳಿಂದ ದೇಣಿಗೆ ಪಡೆದದ್ದು ವಿದೇಶಿ ದೇಣಿಗೆ ಕಾಯ್ದೆಯ ಉಲ್ಲಂಘನೆ, ಆರು ತಿಂಗಳೊಳಗೆ ಕ್ರಮ ತಗೊಳ್ಳಿ ಎಂದಿತು. ಬೇರೆ ಎಲ್ಲದಕ್ಕೂ ಕಿತ್ತಾಡುವ ಎರಡು ಪಕ್ಷಗಳು ಒಂದೇ ಕಟಕಟೆಯಲ್ಲಿ. 2016ರ ಹಣಕಾಸು ಕಾಯ್ದೆಯಲ್ಲಿ 'ವಿದೇಶಿ ಮೂಲ' ಎಂಬ ಪದದ ಅರ್ಥವನ್ನೇ ಬದಲಿಸಿದರು, 2010ರಿಂದಲೇ ಜಾರಿ ಎಂದರು. ಆದರೆ ದೇಣಿಗೆ ಅದಕ್ಕಿಂತ ಹಿಂದಿನದ್ದು. 2010ಕ್ಕೆ ಮೊದಲು ಇದ್ದದ್ದು 1976ರ ಕಾಯ್ದೆ. ಸರಿ, 2018ರ ಹಣಕಾಸು ಕಾಯ್ದೆಯಲ್ಲಿ ಅದನ್ನು 1976ರವರೆಗೆ ಹಿಂದಕ್ಕೆ ಎಳೆದರು. ನಲವತ್ತೆರಡು ವರ್ಷ ಹಿಂದಕ್ಕೆ! ನಮ್ಮ ಕಾಲೇಜಿನಲ್ಲಿ ಒಬ್ಬ ಗುಮಾಸ್ತ ಹೋದ ವಾರದ ತಾರೀಕು ಹಾಕಿ ರಸೀದಿ ಹರಿದದ್ದಕ್ಕೆ ಮೆಮೊ ಕೊಟ್ಟಿದ್ದರು.

ಈಗ ಬಾಂಡಿಗೆ ಬರೋಣ. ನೀವೆಲ್ಲ ಕಾದಿರುವುದು ಅದಕ್ಕೇ ಎಂದು ಗೊತ್ತು.

2017ರ ಹಣಕಾಸು ಕಾಯ್ದೆ ನಾಲ್ಕಾರು ಕಾಯ್ದೆಗಳನ್ನು ಒಟ್ಟಿಗೆ ತಿದ್ದಿತು. 2018ರ ಜನವರಿ 2ರಂದು ಚುನಾವಣಾ ಬಾಂಡ್ ಯೋಜನೆ ಬಂತು. ಬ್ಯಾಂಕಿನಲ್ಲಿ ಬಾಂಡ್ ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡುವುದು. ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗಳಲ್ಲಿ ಮಾತ್ರ ಮಾರಾಟ. ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ. ಕೊಂಡವರ ಹೆಸರು ಬಾಂಡಿನ ಮೇಲಿಲ್ಲ. ಪಕ್ಷ ಹದಿನೈದು ದಿನದೊಳಗೆ ತನ್ನ ಖಾತೆಗೆ ಹಾಕಿಕೊಳ್ಳಬೇಕು. ಯಾರು ಕೊಟ್ಟರು ಎಂದು ಆಯೋಗಕ್ಕೆ ಹೇಳಬೇಕಾಗಿಲ್ಲ. ಜೊತೆಗೆ, ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದ ಶೇ. 7.5ಕ್ಕಿಂತ ಜಾಸ್ತಿ ಕೊಡುವಂತಿಲ್ಲ ಎಂಬ ಮಿತಿಯನ್ನೂ ತೆಗೆದರು. ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದು. ಕಾಮರ್ಸ್ ಮೇಷ್ಟ್ರಾಗಿ ಕೇಳುತ್ತೇನೆ, ನಷ್ಟದಲ್ಲಿರುವ ಅಂಗಡಿ ದಾನ ಮಾಡುವುದು ಎಲ್ಲಿಂದ?

ಯೋಜನೆಯ ಪರವಾಗಿಯೂ ಒಂದು ವಾದ ಇತ್ತು, ಅದನ್ನು ಮುಚ್ಚಿಡಬಾರದು. ಹಣ ಬ್ಯಾಂಕಿನ ಮೂಲಕ ಬರುತ್ತದೆ, ಕಪ್ಪು ಹಣ ತಪ್ಪುತ್ತದೆ. ಹೆಸರು ಬಯಲಾದರೆ ಸೋತ ಪಕ್ಷಕ್ಕೆ ಕೊಟ್ಟವನ ಮೇಲೆ ಗೆದ್ದ ಪಕ್ಷ ಸೇಡು ತೀರಿಸಿಕೊಳ್ಳಬಹುದು. ಈ ಭಯ ಸುಳ್ಳಲ್ಲ. ನಮ್ಮ ಊರಿನ ಗಿರಣಿಯವರು ಎಲ್ಲ ಪಕ್ಷಕ್ಕೂ ಚಂದಾ ಕೊಡುವುದು ಪ್ರೀತಿಯಿಂದಲೇ?

2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಯೋಜನೆಯನ್ನು ರದ್ದು ಮಾಡಿತು. ಮುಖ್ಯ ತೀರ್ಪು ಡಿ. ವೈ. ಚಂದ್ರಚೂಡ್ ಅವರದ್ದು. 1985ರಲ್ಲಿ 'ಸಂಸತ್ತು ನೋಡಿಕೊಳ್ಳಲಿ' ಎಂದವರ ಮಗ. ಸಣ್ಣ ದೇಣಿಗೆದಾರನ ಖಾಸಗಿತನವನ್ನು ಅವರು ಒಪ್ಪಿದರು. ಯಾವ ಪಕ್ಷ ಇಷ್ಟ ಎಂಬುದು ಅವನ ಸ್ವಂತ ವಿಷಯ, 20 ಸಾವಿರದ ನಿಯಮ ಅದಕ್ಕೇ ಇದೆ. ಆದರೆ ಕಂಪನಿ ಕೋಟಿ ಕೊಡುವಾಗ ಅದರಲ್ಲಿ ಇಷ್ಟಕ್ಕಿಂತ ವ್ಯವಹಾರ ಜಾಸ್ತಿ ಇರಬಹುದು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಸಿಕ್ಕಿತೇ ಎಂದು ನೋಡಲು ಮತದಾರನಿಗೆ ಹೆಸರು ಬೇಕು. ಕಂಪನಿ ದೇಣಿಗೆಯ ಮಿತಿ ತೆಗೆದದ್ದೂ ಬಿದ್ದುಹೋಯಿತು. 2002ರ ಆಸ್ತಿ ತೀರ್ಪು ಇಲ್ಲದಿದ್ದರೆ ಈ ತೀರ್ಪಿಗೆ ನಿಲ್ಲಲು ನೆಲವೇ ಇರುತ್ತಿರಲಿಲ್ಲ.

ಆಮೇಲಿನ ಒಂದು ತಿಂಗಳು ನಾನು ದಿನಾ ಬೆಳಗ್ಗೆ ಕಾಫಿಗೆ ಮುಂಚೆ ಸುದ್ದಿ ನೋಡುತ್ತಿದ್ದೆ. ಮಾರ್ಚ್ 6ರೊಳಗೆ ವಿವರ ಕೊಡಿ ಎಂದಿತ್ತು ಕೋರ್ಟು. ಬ್ಯಾಂಕು ಜೂನ್ 30ರವರೆಗೆ ಟೈಮ್ ಕೇಳಿತು. ಕೊಂಡವರ ಪಟ್ಟಿ ಒಂದು ಕಡೆ, ಪಡೆದವರ ಪಟ್ಟಿ ಇನ್ನೊಂದು ಕಡೆ, ಹೊಂದಿಸಲು ಸಮಯ ಬೇಕು ಎಂದು. ಕೋರ್ಟು ಹೇಳಿತು, ಹೊಂದಿಸಿ ಎಂದು ನಾವು ಕೇಳಲೇ ಇಲ್ಲ, ಇದ್ದದ್ದನ್ನು ನಾಳೆ ಸಂಜೆಯೊಳಗೆ ಕೊಡಿ. ಕೊಟ್ಟರು. 14ಕ್ಕೆ ಆಯೋಗ ಎರಡು ಪಟ್ಟಿ ಹಾಕಿತು, ಆದರೆ ಬಾಂಡಿನ ನಂಬರ್ ಇಲ್ಲ. ನಂಬರ್ ಇಲ್ಲದೆ ಯಾರದ್ದು ಯಾರಿಗೆ ಎಂದು ಹೇಗೆ ಗೊತ್ತಾಗಬೇಕು? ಪ್ರತಿ ಬಾಂಡಿನಲ್ಲೂ ಬರೀ ಕಣ್ಣಿಗೆ ಕಾಣದ, ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ ಒಂದು ನಂಬರ್ ಇತ್ತು. ಕೋರ್ಟು ಮತ್ತೆ ಗದರಿತು. 21ಕ್ಕೆ ನಂಬರೂ ಬಂತು. ಎರಡು ಎಕ್ಸೆಲ್ ಶೀಟು, ಮಧ್ಯೆ ಒಂದು ನಂಬರ್. ನಮ್ಮ ಎರಡನೇ ವರ್ಷದ ಬಿಕಾಂ ಹುಡುಗರೂ ಹೊಂದಿಸಿಬಿಡುತ್ತಿದ್ದರು. ಆ ರಾತ್ರಿಯೇ ಪತ್ರಕರ್ತರು ಹೊಂದಿಸಿದರು.

ಒಟ್ಟು ಮಾರಾಟವಾದದ್ದು ಸುಮಾರು 16,518 ಕೋಟಿಯ ಬಾಂಡು. ಎಲ್ಲಕ್ಕಿಂತ ಜಾಸ್ತಿ ಕೊಂಡದ್ದು ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್, 1,368 ಕೋಟಿ. ಎಲ್ಲಕ್ಕಿಂತ ಜಾಸ್ತಿ ಪಡೆದದ್ದು ಬಿಜೆಪಿ. ನಮ್ಮ ಜೆಡಿಎಸ್‌ಗೆ ಬಂದದ್ದು 89.75 ಕೋಟಿ. ಅವರ ಬಗ್ಗೆ ಒಂದು ಮಾತು ಹೇಳಬೇಕು. 2019ರಲ್ಲಿ ಕೋರ್ಟು ಮುಚ್ಚಿದ ಲಕೋಟೆಯಲ್ಲಿ ವಿವರ ಕೊಡಿ ಎಂದಾಗ ದೊಡ್ಡ ಪಕ್ಷಗಳು ಯಾರು ಕೊಟ್ಟರೋ ನಮಗೆ ಗೊತ್ತಿಲ್ಲ ಎಂಬ ರಾಗ ಹಾಡಿದರೆ, ದೇಣಿಗೆದಾರರ ಹೆಸರು ಬರೆದುಕೊಟ್ಟ ಕೆಲವೇ ಪಕ್ಷಗಳಲ್ಲಿ ಜೆಡಿಎಸ್ ಒಂದು. ಬೇರೆ ವಿಷಯಕ್ಕೆ ಬೈಯುವವರು ಇದಕ್ಕಾದರೂ ಬೆನ್ನು ತಟ್ಟಬಹುದು.

ಆಮೇಲೆ ಹಣ ಕಡಿಮೆಯಾಯಿತೇ? ಇಲ್ಲ. ಚುನಾವಣಾ ಟ್ರಸ್ಟುಗಳ ಕಡೆಗೆ ಹರಿಯಿತು. ಟ್ರಸ್ಟಿನ ದೇಣಿಗೆದಾರರ ಹೆಸರು ಆಯೋಗದಲ್ಲಿ ಸಿಗುತ್ತದೆ, ಅಷ್ಟರ ಮಟ್ಟಿಗೆ ವಾಸಿ. ಆದರೆ ಹತ್ತು ಕಂಪನಿ ಒಂದು ಟ್ರಸ್ಟಿಗೆ ಹಾಕಿ, ಟ್ರಸ್ಟು ನಾಲ್ಕು ಪಕ್ಷಕ್ಕೆ ಹಂಚಿದರೆ, ಯಾರದ್ದು ಯಾರಿಗೆ ಎಂಬುದು ಮತ್ತೆ ಕಲಸಿಹೋಗುತ್ತದೆ. ಇನ್ನು ಕೈಯಿಂದ ಕೈಗೆ ಹೋಗುವ ನೋಟಿನ ಬಗ್ಗೆ ಯಾವ ತೀರ್ಪೂ ಏನೂ ಮಾಡಿಲ್ಲ. 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಹಣ, ಹೆಂಡ, ಚಿನ್ನ, ಸೀರೆ, ಕುಕ್ಕರ್ ಎಲ್ಲ ಸೇರಿ ವಶಪಡಿಸಿಕೊಂಡದ್ದೇ ಸುಮಾರು 375 ಕೋಟಿ. ಅದು ಸಿಕ್ಕಿದ್ದು ಮಾತ್ರ.

ಸಮಯ ಆಯಿತು ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಒಂದೇ ಒಂದು ಪುಟ ತೋರಿಸಿ ಇಳಿಯುತ್ತೇನೆ.

ಅಭ್ಯರ್ಥಿಗೆ ಆಯೋಗ ಕೊಡುವ ರಿಜಿಸ್ಟರಿನಲ್ಲಿ ಮೂರು ಬಣ್ಣದ ಹಾಳೆ ಇರುತ್ತದೆ. ಬಿಳಿ, ಗುಲಾಬಿ, ಹಳದಿ. ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಬಿಳಿ ಹಾಳೆ ದಿನದಿನದ ಖರ್ಚಿಗೆ. ಅದರ ಬಲಗಡೆ ಮೂರು ಕಾಲಂ. ಅಭ್ಯರ್ಥಿ ಭರಿಸಿದ್ದು, ಪಕ್ಷ ಭರಿಸಿದ್ದು, ಇತರರು ಭರಿಸಿದ್ದು. ಕೊನೆಯದರಲ್ಲಿ ಹೆಸರು, ವಿಳಾಸ ಬರೆಯಬೇಕು. 1974ರ ಜಗಳವೆಲ್ಲ ಈ ಮೂರು ಗೆರೆಗಳ ನಡುವೆ ಇದೆ.

ಒಂದು ಸಲ ಲೆಕ್ಕ ತೋರಿಸಲು ಒಬ್ಬ ಏಜೆಂಟ್ ಬಂದಿದ್ದ. ಒಳ್ಳೆ ಹುಡುಗ, ಬಿಕಾಂ ಓದಿದವನು, ಚೆಂದದ ಅಕ್ಷರ. ಒಂದು ಬಾಡೂಟದ ಖರ್ಚನ್ನು ಮೂರನೇ ಕಾಲಂನಲ್ಲಿ ಬರೆದಿದ್ದ. ಹೆಸರಿನ ಜಾಗದಲ್ಲಿ 'ಅಭಿಮಾನಿಗಳು' ಎಂದಿತ್ತು. ವಿಳಾಸದ ಜಾಗದಲ್ಲಿ ಊರಿನ ಹೆಸರು.

'ಅಭಿಮಾನಿಗಳು ಅಂದ್ರೆ ಯಾರಪ್ಪ? ಒಬ್ಬರ ಹೆಸರು ಬೇಕಲ್ಲ' ಎಂದೆ.

'ಎಲ್ಲಾ ಸೇರಿ ಹಾಕಿದ್ದು ಸಾರ್.'

'ಸೇರಿದವರಲ್ಲಿ ಒಬ್ಬರದ್ದು ಬರಿ.'

ಹೊರಗೆ ಹೋಗಿ ಫೋನ್ ಮಾಡಿದ. ಕಾರಿಡಾರಿನಲ್ಲಿ ಆ ಕಡೆಯಿಂದ ಈ ಕಡೆಗೆ ಅರ್ಧ ಗಂಟೆ ಓಡಾಡಿದ. ಯಾರೂ ತಮ್ಮ ಹೆಸರು ಕೊಡಲು ಒಪ್ಪಲಿಲ್ಲ ಅಂತ ಕಾಣುತ್ತದೆ. ಒಳಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ, 'ಸಾರ್, ಆ ಊಟ ನಡೆದೇ ಇಲ್ಲ ಅಂತ ಬರ್ಕೊಳ್ಳಿ.'

ನಮ್ಮ ಹತ್ತಿರ ವಿಡಿಯೊ ಇತ್ತು. ನಾನೇ ಎಣಿಸಿದ್ದೆ. ನಾನೂರ ಹನ್ನೆರಡು ಕುರ್ಚಿ, ಎಲ್ಲದರ ಮುಂದೆಯೂ ಎಲೆ. ಮೊದಲನೇ ಕಾಲಂನಲ್ಲಿ, ಅಭ್ಯರ್ಥಿಯ ಖಾತೆಗೆ ಬರೆದುಕೊಂಡೆ. ಅವನು ಸಹಿ ಹಾಕಿದ.